ಹತ್ತು-ಹನ್ನೊಂದರ ಸ್ಪ್ಯಾನರ್

ನಮ್ಮ ಕಾರಿಗೆ ಹದಿನೈದು ತುಂಬಿತ್ತು. ಅಪ್ಪ ನಿವೃತ್ತಿಯಾದ ವರ್ಷ ಕೊಂಡದ್ದು. ಹೊಗೆ ತಪಾಸಣೆಯಲ್ಲಿ ಪಾಸಾದರೆ ಇನ್ನೂ ಓಡಿಸಬಹುದು, ಇಲ್ಲದಿದ್ದರೆ ಗುಜರಿಗೆ. ಕಣ್ಣು ಮಂಜಾಗಿದೆಯೆಂದು ಡಾಕ್ಟರು ಅಪ್ಪನಿಂದ ಸ್ಟೀರಿಂಗ್ ಬಿಡಿಸಿ ಎರಡು ವರ್ಷವಾಗಿದ್ದರೂ ದಿನಾ ಕಾರು ಒರೆಸುವವರು ಅವರೇ. ಗುಜರಿ ಎಂಬ ಮಾತನ್ನು ನಾನು ಅವರ ಮುಂದೆ ಆಡಿರಲಿಲ್ಲ.

ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ನಿನ ಹಳದಿ ದೀಪ ಉರಿಯುತ್ತಿತ್ತು. ಲಷ್ಕರ್ ಮೊಹಲ್ಲಾದ ನಮ್ಮ ಮೆಕ್ಯಾನಿಕ್ ಸ್ಕ್ಯಾನರ್ ಚುಚ್ಚಿ ನೋಡಿ, ಸೈಲೆನ್ಸರ್ ಪೈಪಿನ ಸೆನ್ಸರ್ ಬದಲಿಸಿ ದೀಪ ಆರಿಸಿದರು. ಆದರೆ ತಕ್ಷಣ ಟೆಸ್ಟಿಗೆ ಹೋಗಬೇಡಿ ಎಂದರು. ಕಾರಿನ ಕಂಪ್ಯೂಟರು ಈಗ ಹಿಂದಿನದೆಲ್ಲ ಮರೆತಿದೆಯಂತೆ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ನಾಲ್ಕೈದು ದಿನ ರಿಂಗ್ ರೋಡಿನಲ್ಲಿ ಒಂದೇ ವೇಗದಲ್ಲಿ ಓಡಿಸಿದರೆ ಅದು ಒಂದೊಂದು ಭಾಗವನ್ನೂ ತಾನೇ ಪರೀಕ್ಷೆ ಮಾಡಿಕೊಂಡು ಸ್ಕ್ಯಾನರಿನಲ್ಲಿ ಒಂದೊಂದಕ್ಕೂ ‘ರೆಡಿ’ ಎಂದು ತೋರಿಸುತ್ತದಂತೆ; ಆಮೇಲೆಯೇ ಟೆಸ್ಟು.

ಐದು ದಿನ ಕಾಫಿಯನ್ನೂ ಕುಡಿಯದೆ ಓಡಿಸಿದೆ. ಒಂದೂ ರೆಡಿ ಇಲ್ಲ. ಇನ್ನೂ ಐದು ದಿನ ಗಾಣದ ಎತ್ತಿನ ಹಾಗೆ ಊರು ಸುತ್ತಿದೆ. ಅದೇ ಕಥೆ. ನನಗೋ ಮೂಗಿನ ತುದಿಯಲ್ಲೇ ಕೋಪ. ಹಳೇ ಸೆನ್ಸರನ್ನೇ ತೊಳೆದು ಹಾಕಿದ್ದೀರಿ ಎಂದು ಗಿರಾಕಿಗಳ ಮುಂದೆಯೇ ಅಂದುಬಿಟ್ಟೆ. ಮೆಕ್ಯಾನಿಕ್ ಸಿಟ್ಟಾಗಲಿಲ್ಲ.

“ಮೇಡಂ, ಮಿಷನ್ ಇವತ್ತಿನ ಓಟ ಮಾತ್ರ ತೋರಿಸ್ತಾ ಐತೆ. ಯಾರೋ ದಿನಾ ಬ್ಯಾಟ್ರಿ ವೈರ್ ಬಿಚ್ತಾವ್ರೆ, ನೋಡ್ಕಳಿ. ವೈರ್ ಬಿಚ್ಚಿದ್ರೆ ಅದು ಎಲ್ಲಾ ಮರ್ತೋಯ್ತದೆ.”

ನಮ್ಮ ಮನೆಯಲ್ಲಿ ಅಂಥವರು ಯಾರೂ ಇಲ್ಲ ಎಂದು ದಬಾಯಿಸಿ ಬಂದೆ.

ಆ ಸಂಜೆ ಅಗ್ರಹಾರದ ನಮ್ಮ ಮನೆ ಮುಂದೆ ಕಾರಿನ ಬಾನೆಟ್ ತೆರೆದಿತ್ತು. ಅಪ್ಪ ಬಗ್ಗಿ, ಬೆರಳಲ್ಲಿ ತಡಕುತ್ತ, ಹತ್ತು-ಹನ್ನೊಂದರ ಅಳತೆಯ ಸ್ಪ್ಯಾನರಿನಿಂದ ಬ್ಯಾಟರಿಯ ವೈರು ಬಿಚ್ಚುತ್ತಿದ್ದರು. ಸಂಜೆ ಬಿಚ್ಚುವುದು, ನಾನು ಏಳುವ ಮೊದಲೇ ಹಾಕುವುದು. ಅವರ ಮೊದಲ ಕಾರಿನ ಕಾಲದ ಅಭ್ಯಾಸ.

“ಬ್ಯಾಟ್ರಿ ಇಳ್ದೋಗುತ್ತೆ ಕಣಮ್ಮ,” ಎಂದರು. “ಬೆಳಿಗ್ಗೆ ನೀನು ಹೊರಟಾಗ ಸತಾಯಿಸ್ಬಾರ್ದಲ್ಲ.”

ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಹತ್ತು ದಿನದ ಓಟವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು, ಕಾರು ಗುಜರಿಗೆ ಹೋದರೆ ಅದು ನಿಮ್ಮಿಂದಲೇ ಎಂದೆ. ಅಪ್ಪ ವೈರನ್ನು ಮತ್ತೆ ಬಿಗಿದು ಒಳಗೆ ಹೋದರು. ಆ ಕೊನೆಯ ಮಾತು ನಾನು ಆಡಬಾರದಿತ್ತು.

ಮರುದಿನ ಮೆಕ್ಯಾನಿಕ್ ಹತ್ತಿರ ಹೋಗಿ ತಪ್ಪಾಯಿತೆಂದು ಒಪ್ಪಿಕೊಂಡು, ಮೊದಲಿನಿಂದ ಓಡಿಸಲು ಶುರುಮಾಡಿದೆ. ಆರನೇ ದಿನ ಎಲ್ಲವೂ ರೆಡಿ. ಟೆಸ್ಟೂ ಪಾಸಾಯಿತು. ಸರ್ಟಿಫಿಕೇಟು ತಂದು ಅಪ್ಪನ ಕೈಗೆ ಕೊಟ್ಟೆ. ಕಣ್ಣಿನ ಹತ್ತಿರ ಹಿಡಿದು ಕಾರಿನ ನಂಬರು ಓದಿಕೊಂಡರು. ಆಮೇಲೆ ಜೇಬಿನಿಂದ ಸ್ಪ್ಯಾನರ್ ತೆಗೆದು ನನ್ನ ಮುಂದೆ ಇಟ್ಟರು.

“ಇದನ್ನ ನೀನೇ ಇಟ್ಕೊಂಡ್ಬುಡು ಕಣಮ್ಮ. ಸಂಜೆ ಆದ್ರೆ ನನ್ ಕೈ ಸುಮ್ನಿರಲ್ಲ.”

ಅಂದರೆ ಈ ಆರು ಸಂಜೆಯೂ ಅವರು ಅದನ್ನು ಜೇಬಿನಲ್ಲೇ ಹಿಡಿದುಕೊಂಡು ಜಗಲಿಯಲ್ಲಿ ಕೂತಿದ್ದರು. ಬೇಡ, ನಿಮ್ಮ ಹತ್ತಿರವೇ ಇರಲಿ ಎನ್ನಬೇಕೆನಿಸಿತು. ಮುಂದಿನ ಟೆಸ್ಟು ನೆನಪಾಗಿ ತೆಗೆದುಕೊಂಡೆ.