ಕೆಮ್ಮಣ್ಣಿನ ಮೂರು ದಿನ

ಸೋಮವಾರ ಎಡಗಿವಿಯೊಳಗೆ ಒಂದು ಮುಳ್ಳು ಆಡಿದಂತಾಯಿತು.

ಅಥವಾ ಭಾನುವಾರ. ಮೊದಲೇ ಹೇಳಿಬಿಡುತ್ತೇನೆ: ಶುರುವಾದ ದಿನ ಯಾವುದೆಂದು ನನಗೆ ಈಗ ಗೊತ್ತಿಲ್ಲ. ಡಾಕ್ಟರಿಗೆ ಒಂದು ದಿನ ಹೇಳಿದೆ, ಗಂಡನಿಗೆ ಇನ್ನೊಂದು. ಹೇಳಿ ಹೇಳಿ ಎರಡೂ ನಿಜದಂತೆಯೇ ಕಾಣತೊಡಗಿವೆ.

ನಾನು ಇರಕಲ್ಲಗಡದ ಹತ್ತಿರದ ಹಳ್ಳಿಯೊಂದರ ಉಪಕೇಂದ್ರದಲ್ಲಿ ನರ್ಸ್. ಹತ್ತೊಂಬತ್ತು ವರ್ಷದ ಕೆಲಸ. ಬಸುರಿಯ ಬಲಬದಿಗೆ ನಿಂತು, ಅವಳ ಕಾಲಿನ ಕಡೆ ಮುಖ ಮಾಡಿ, ಹೊಟ್ಟೆಯ ಮೇಲಿಟ್ಟ ಫೀಟೋಸ್ಕೋಪಿಗೆ ಎಡಗಿವಿ ಹಚ್ಚಿ ಕೂಸಿನ ಎದೆಬಡಿತ ಎಣಿಸುವುದು ನನಗೆ ಮೈಗೂಡಿದ ಕೆಲಸ. ಮಷೀನು ಬಂದ ಮೇಲೂ ನಾನು ಕಿವಿಯನ್ನೇ ನಂಬುತ್ತಿದ್ದೆ.

ಮರುದಿನ ಕಿವಿಯ ಬಾಯಲ್ಲಿ ನಾಲ್ಕೈದು ನೀರುಗುಳ್ಳೆ. ತಾಳಲಾರದ ಉರಿ. ಅತ್ತೆ ನನ್ನ ತಲೆಯನ್ನು ಬೆಳಕಿಗೆ ಹೊರಳಿಸಿ ನೋಡಿದರು.

"ಸರ್ಪಸುತ್ತು ಐತಿ. ಈರವ್ವನ ಕಡೆ ಹೋಗೋಣ ಬಾ."

ಸರ್ಪಸುತ್ತಿಗೆ ನಮ್ಮ ಕಡೆ ಕುಂಬಾರರ ಮನೆಯ ಕೆಮ್ಮಣ್ಣೇ ಮದ್ದು. ಸೊಂಟಕ್ಕೋ ಎದೆಗೋ ಎದ್ದ ಗುಳ್ಳೆಗಳು ಮೈ ಸುತ್ತಿ ಹೆಡೆ, ಬಾಲ ಕೂಡಿದರೆ ಜೀವ ಹೋಗುತ್ತದೆಂಬ ಅಂಜಿಕೆ. ಆ ಮಣ್ಣು ಹಚ್ಚುವ ಕುಂಬಾರರ ಈರವ್ವ ಹಣ್ಣು ಮುದುಕಿ. ನನ್ನ ಕಿವಿ ನೋಡಿ ನಕ್ಕಳು.

"ನರ್ಸಬಾಯಾರಿಗೂ ಈ ಮುದುಕಿ ಕೈನ ಬೇಕಾತು ನೋಡ್ರಿ. ಅಂಜಬ್ಯಾಡ್ರಿ. ಕಿವ್ಯಾಗ ಎಲ್ಲಿ ಸುತ್ತತೈತಿ ಅದು? ಜಾಗಾನ ಇಲ್ಲ. ಮೂರು ದಿನ ಹಚ್ಚಿದ್ರ ಒಣಗಿ ಉದುರತೈತಿ."

ಸುತ್ತಲು ಜಾಗವಿಲ್ಲ. ಆ ಮಾತಿಗೆ ನನ್ನ ಎದೆ ಹಗುರಾಯಿತು. ಓದಿದ್ದೆಲ್ಲ ಎಲ್ಲಿ ಹೋಗಿತ್ತು? ಅತ್ತೆಯ ಮಾತು ಮೀರಲಾರದೆ ಹೋದೆ ಎಂದು ಬರೆದರೆ ಚೆಂದ ಕಾಣುತ್ತದೆ. ಸುಳ್ಳು. ಅಂಜಿದ್ದೆ, ಹೋದೆ, ಮಣ್ಣು ತಂಪಾಗಿತ್ತು.

ಮೂರು ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ, ಮಣ್ಣಿನ ಮೇಲೆ ಮಣ್ಣು. ಎರಡನೆಯ ದಿನ ಎಡಗಡೆ ಮಂದವಾಯಿತು. ಮಣ್ಣು ತುಂಬಿದಾಗ ಕೇಳುವುದು ಹೇಗೆ ಎಂದುಕೊಂಡೆ. ಒಳಗೆ ಹಿಟ್ಟಿನ ಗಿರಣಿ ತಿರುಗಿದಂಥ ಸದ್ದು. ಅದೂ ಮಣ್ಣಿನದೇ ಎಂದುಕೊಂಡೆ.

ಮೂರನೆಯ ದಿನ ಮಣ್ಣು ಹಚ್ಚಿಸಿಕೊಂಡು ಬಂದು ಚಹಾ ಬಾಯಿಗಿಟ್ಟರೆ ಅದು ಎಡಗಡೆಯಿಂದ ತಾನೇ ಸೋರಿತು.

ಕನ್ನಡಿಯಲ್ಲಿ ಅರ್ಧ ಮುಖ ಜೋತುಬಿದ್ದಿತ್ತು. ಎಡಗಣ್ಣು ಮುಚ್ಚಲಿಲ್ಲ.

ಗಂಡ ಬೈಕಿನಲ್ಲಿ ಕೊಪ್ಪಳಕ್ಕೆ ಕರೆದೊಯ್ದರು. ತಲೆ ಸುತ್ತಿ ದಾರಿಯಲ್ಲಿ ಎರಡು ಸಲ ವಾಂತಿ. ಇಎನ್‌ಟಿ ಡಾಕ್ಟರ್ ನನಗಿಂತ ಎಷ್ಟೋ ಚಿಕ್ಕವರು. ಸಲೈನಿನಲ್ಲಿ ಹತ್ತಿ ಅದ್ದಿ ಕೆಮ್ಮಣ್ಣು ತೊಳೆಯುತ್ತ ಹೋದರು. ನಾನು ಕಾದೆ. ಮಣ್ಣೆಲ್ಲ ಹೋಯಿತು.

ಕೇಳಿಸಲಿಲ್ಲ.

"ಯಾವತ್ತಿಂದ ಐತ್ರಿ ಇದು?"

"ನಿನ್ನೆಯಿಂದ."

ಅವರು ಕೈಯಲ್ಲಿದ್ದ ಹತ್ತಿ ನೋಡಿದರು. "ಮಣ್ಣು ಮೂರು ಪದರ ಇತ್ತಲ್ರಿ, ಸಿಸ್ಟರ್."

"ಒಂದ ದಿನದಾಗ ಮೂರು ಸಲ ಹಚ್ಚಿದ್ರು."

ಕಾಯಿಲೆಯ ದಿನ ಮುಚ್ಚಿಡುವ ಹೆಂಗಸರನ್ನು ಇಷ್ಟು ವರ್ಷ ಬೈದವಳು ನಾನು.

ಚಿಕ್ಕವಳಿದ್ದಾಗ ನನಗೆ ಅಮ್ಮ ಆಗಿತ್ತು, ಚಿಕನ್ ಪಾಕ್ಸ್. ಆ ವೈರಸ್ ಮೈ ಬಿಟ್ಟು ಹೋಗಿರಲಿಲ್ಲವಂತೆ. ಮುಖದ ನರದಲ್ಲಿ ಮಲಗಿದ್ದು ಈಗ ಎದ್ದು, ಪಕ್ಕದ ಕಿವಿಯ ನರಕ್ಕೂ ತಾಗಿತ್ತು. ಆಂಟಿವೈರಲ್, ಸ್ಟೆರಾಯ್ಡ್ ಬರೆದರು.

"ಮೂರು ದಿನದೊಳಗ ಶುರು ಮಾಡಿದ್ರ ಭಾಳ ಛಲೋ. ತಡಾ ಆದ್ರೂ ಕೊಡತೀವಿ. ಕಿವಿದು ಮಾತ್ರ ಈಗ ಹೇಳಾಕ ಆಗಂಗಿಲ್ಲ."

ಅಂದಿನಿಂದ ಎಣಿಸುತ್ತಲೇ ಇದ್ದೇನೆ. ಮುಳ್ಳು ಆಡಿದ ದಿನದಿಂದಲೋ, ಗುಳ್ಳೆ ಎದ್ದ ದಿನದಿಂದಲೋ? ಮಣ್ಣಿನ ಕೆಳಗೆ ಕಿವಿ ಯಾವ ಗಳಿಗೆಯಲ್ಲಿ ಹೋಯಿತು? ಒಂದು ಎಣಿಕೆಯಲ್ಲಿ ನಾನು ಹೊತ್ತಿಗೆ ಸರಿಯಾಗಿ ತಲುಪಿದ್ದೆ, ಇನ್ನೊಂದರಲ್ಲಿ ಕೈಮೀರಿತ್ತು. ಗಡಿಯಾರವನ್ನು, ಫೋನನ್ನು, ಮಿಕ್ಸಿಯನ್ನು ಎಡಗಿವಿಗೆ ಹಿಡಿದು ನೋಡಿದೆ. ಕೇಳುವ ಶಕ್ತಿ ಅಳೆಯುವ ಆಡಿಯೋಗ್ರಾಮಿನಲ್ಲಿ ಎಡಗಿವಿಯ ಗೆರೆ ಕಾಗದದ ತಳ ಸೇರಿತ್ತು. ಎರಡು ವಾರ ಬಿಟ್ಟು ನೋಡಿದರೂ ಅಲ್ಲೇ. ಅವತ್ತು ಡಾಕ್ಟರಿಗೆ ನಿಜ ಹೇಳಿದೆ. "ಗೊತ್ತಿತ್ತು ಬಿಡ್ರಿ" ಎಂದರು. ಮೊದಲ ದಿನದ ಚೀಟಿಯಲ್ಲೇ ಮೂರು, ನಾಲ್ಕು ದಿನ ಎಂದು ಬರೆದಿದ್ದರು.

ಅತ್ತೆ ಹೇಮಗುಡ್ಡದ ದುರ್ಗಮ್ಮನಿಗೆ ಹರಕೆ ಹೊತ್ತರು. ನಾನು ತಡೆಯಲಿಲ್ಲ.

"ಅತ್ತಿ, ನಾ ಇನ್ನ ಯಾ ಕೆಲಸಕ್ಕೂ ಬರಂಗಿಲ್ಲ."

"ಒಂದ ಕಿವಿಗೆ ಹಿಂಗ ಅಳತೀಯಲ್ಲ. ಎರಡೂ ನೆಟ್ಟಗಿದ್ದು ನಿಮ್ಮ ಮಾವ ನನ್ನ ಮಾತು ಎಂದ್ ಕೇಳ್ಯಾನ?"

ನಕ್ಕೆ, ಅರ್ಧ ಮುಖದಿಂದ. ಆಮೇಲೆ ಮತ್ತೆ ಅಳು ಬಂತು.

ಎರಡು ತಿಂಗಳಿಗೆ ಮುಖ ಬಹುಪಾಲು ಮರಳಿತು. ಕಿವಿಯಲ್ಲಿ ಗಿರಣಿ ಮಾತ್ರ ತಿರುಗುತ್ತಿತ್ತು. ಕೆಲಸಕ್ಕೆ ಹೋದ ದಿನವೇ ರೇಣುಕಾ ಬಂದಳು. ಅವಳಿಗೆ ಒಂಬತ್ತನೆಯ ತಿಂಗಳು. ಕೂಸಿನ ಹೊರಳಾಟ ಕಡಿಮೆಯಾಗಿದೆ ಎಂದಳು. ರೂಢಿಯಂತೆ ಅವಳ ಕಾಲಿನ ಕಡೆ ಮುಖ ಮಾಡಿ ಎಡಗಿವಿ ಇಟ್ಟೆ.

ಏನೂ ಇಲ್ಲ. ಸದ್ದಿಲ್ಲದ್ದು ಕೂಸೋ, ನನ್ನ ಕಿವಿಯೋ ತಿಳಿಯಲಿಲ್ಲ.

ತಲೆ ಹೊರಳಿಸಿ ಬಲಗಿವಿ ಇಟ್ಟೆ. ಬಡಿತ ಇತ್ತು. ದೂರದಲ್ಲಿ, ಆದರೆ ಇತ್ತು. ನನ್ನನ್ನು ನಂಬದೆ ಮೂರು ಸಲ ಎಣಿಸಿದೆ. ಆಗ ಗಮನಿಸಿದೆ, ನನ್ನ ಮುಖ ಈಗ ಅವಳ ಮುಖದ ಕಡೆಗಿತ್ತು. ಹತ್ತೊಂಬತ್ತು ವರ್ಷ ನಾನು ಕೇಳುವಾಗ ನೋಡಿದ್ದು ಬರೀ ಕಾಲುಗಳನ್ನು.

"ಯಾವತ್ತಿಂದ ಕಡಿಮಿ ಆಗೇತಿ?"

"ನಿನ್ನೆಯಿಂದ್ರಿ."

ಅವಳ ಕಣ್ಣು ಪಕ್ಕಕ್ಕೆ ಸರಿದವು.

"ನಾನೂ ಹಂಗ ಹೇಳಿದಾಕಿನ. ಬೈಯಂಗಿಲ್ಲ, ಖರೇ ಹೇಳು."

"ಮೂರು ದಿನ ಆತ್ರಿ."

ಚೀಟಿಯಲ್ಲಿ ಮೂರು ದಿನ ಎಂದೇ ಬರೆದು, ಆಂಬುಲೆನ್ಸ್ ಕರೆಸಿ ಕೊಪ್ಪಳಕ್ಕೆ ಕಳಿಸಿದೆ. ಸಂಜೆಯೊಳಗೆ ಹೆರಿಗೆಯಾಯಿತು. ಹೆಣ್ಣುಕೂಸು, ಉಳಿದಿದೆ.

ನನ್ನ ಎಡಗಿವಿ ಬಂದಿಲ್ಲ. ಇವೆರಡನ್ನು ತಕ್ಕಡಿಯಲ್ಲಿಟ್ಟು ಸಮ ಮಾಡಲು ನನಗೆ ಮನಸ್ಸಿಲ್ಲ. ಈಗ ಬಲಗಿವಿ ಇಟ್ಟು, ಮುಖ ನೋಡುತ್ತ ಎಣಿಸುತ್ತೇನೆ.