ಭೂಮಿ ಎಷ್ಟು ಹೋಗುತ್ತೆ

ಮೊನ್ನೆ ಬೆಳಿಗ್ಗೆ ಬಾಗಿಲು ತೆರೆದರೆ, ನಮ್ಮ ಗೇಟಿನ ಪಕ್ಕ ಯಾರೋ ಒಂದು ಕಟ್ಟಿಗೆಯ ಗೂಟ ಬಡಿದು ಹೋಗಿದ್ದರು. ತುದಿಗೆ ಕೆಂಪು ಬಣ್ಣ. "ನೀರಿನ ಪೈಪಿಗೆ ಇರಬೇಕು ತಗಿ," ಎಂದರು ನಮ್ಮವರು ಒಳಗಿನಿಂದಲೇ. ಆದರೂ ಆ ಕೆಂಪು ತುದಿಯಿಂದ ನನಗೆ ಕಣ್ಣು ಕೀಳಲಾಗಲಿಲ್ಲ...

ಕೆಲವು ವರ್ಷಗಳ ಹಿಂದೆ, ಶಹಾಪುರದ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಒಬ್ಬ ಹುಡುಗಿ ಬಾಡಿಗೆಗಿದ್ದಳು. ತುಮಕೂರು ಕಡೆಯವಳು. ವಿಶ್ವವಿದ್ಯಾಲಯದಲ್ಲಿ ನೈಸರ್ಗಿಕ ಸಂಪನ್ಮೂಲಗಳ ಸಂರಕ್ಷಣೆ ಓದುತ್ತ, ಸಂಶೋಧನೆಗೆ ನಮ್ಮ ಕಪ್ಪು ಮಣ್ಣಿನ ಎರೆಹೊಲಗಳನ್ನು ಆರಿಸಿಕೊಂಡಿದ್ದಳು. ಮಳೆಗೆ ಮುಂಚೆ ಇಳಿಜಾರಿನಲ್ಲಿ ಗೂಟ ನೆಟ್ಟು, ಮಣ್ಣಿನ ಮಟ್ಟಕ್ಕೆ ಕೆಂಪು ಗೆರೆ ಎಳೆಯುವುದು. ಮಳೆಗಾಲ ಕಳೆದ ಮೇಲೆ ಆ ಗೆರೆಗಿಂತ ಮಣ್ಣು ಎಷ್ಟು ಕೆಳಗಿಳಿದಿದೆಯೋ ಅಷ್ಟು ಕೊಚ್ಚಿಹೋಗಿದೆ ಎಂದರ್ಥ. ನಡುವೆ ಗೂಟ ಕಿತ್ತರೆ ಓದೆಲ್ಲ ವ್ಯರ್ಥ ಎನ್ನುತ್ತಿದ್ದಳು. ನಮ್ಮಲ್ಲಿ ರೊಟ್ಟಿ ಮುರಿಯುವಾಗ ಉಗುರಿನ ಸಂದಿಯ ಕಪ್ಪು ಮಣ್ಣು ಕಂಡು ನಾಚಿ ಬೆರಳು ಮಡಚುತ್ತಿದ್ದಳು.

ಅವಳು ಒಬ್ಬಳೇ ಹೊಲಕ್ಕೆ ಹೋಗುವುದು ನನಗೆ ಭಯ. ಒಂದು ಭಾನುವಾರ ನಾನೂ ಕೊಡೆ ಹಿಡಿದು ಜೊತೆಗೆ ಹೋದೆ. ಗೋಗಿ ದಾರಿಯಲ್ಲಿ ಶೇರ್ ಆಟೋ ಇಳಿದು ನಡೆದೆವು. ಹೊಲದ ಯಜಮಾನ ಒಪ್ಪಿಗೆ ಕೊಟ್ಟಿದ್ದ, ಅಂದು ಊರಲ್ಲಿರಲಿಲ್ಲ. ಅವನ ತಾಯಿಗೆ ವಿಷಯವೇ ಗೊತ್ತಿರಲಿಲ್ಲ. ಮಳೆಗೆ ಮುಂಚೆ ನೆಟ್ಟಿದ್ದ ಗೂಟಗಳನ್ನು ಹುಡುಗಿ ಅಳೆಯುತ್ತಿರುವಾಗ, ಹುಲ್ಲು ಕೊಯ್ಯುತ್ತಿದ್ದ ಮುದುಕಿ ಕುಡುಗೋಲು ಹಿಡಿದೇ ಬಂದಳು.

"ಏನ್ ಅಳಿಯಾಕತ್ತೀಯವ್ವಾ ನಮ್ಮ ಹೊಲದಾಗ?"

"ನಿಮ್ಮ ಭೂಮಿ ಎಷ್ಟು ಹೋಗುತ್ತೆ ಅಂತ ನೋಡ್ತಿದ್ದೀನಿ ಅಜ್ಜಿ," ಎಂದಳು ಹುಡುಗಿ, ನಗುತ್ತಲೇ.

ಮಳೆಗೆ ಮಣ್ಣು ಹೋಗುವುದು ಅವಳ ಮನಸ್ಸಿನಲ್ಲಿತ್ತು. ಆದರೆ ನಮ್ಮ ಕಡೆ 'ಭೂಮಿ ಹೋಯಿತು' ಎಂದರೆ ಸರ್ಕಾರ ತೆಗೆದುಕೊಂಡಿತು ಎಂದೇ ಅರ್ಥ. ನಾನು ತಿದ್ದುವಷ್ಟರಲ್ಲಿ ಮುದುಕಿ ಕೂಗಿದ್ದಳು: "ಲೇ ಬರ್ರಲೇ! ಭೂಮಿ ಹೋಗತದಂತ, ಗೂಟ ಬಡದಾರ!"

ಸುತ್ತಲಿನ ಹೊಲಗಳಿಂದ ಜನ ಓಡಿ ಬಂದು ನಮ್ಮನ್ನು ಸುತ್ತುವರಿದರು. "ಕಡೇಚೂರ ಕಡಿ ನಮ್ಮ ಅಕ್ಕನ ಹೊಲಕ್ಕೂ ಹಿಂಗ ನಕ್ಕೋಂತ ಬಂದಿದ್ರು. ಈಗ ಅಲ್ಲಿ ಫ್ಯಾಕ್ಟರಿ ಕಂಪೌಂಡ್ ಅದ," ಎಂದನೊಬ್ಬ. ಇನ್ನೊಬ್ಬ ನನ್ನ ಕೊಡೆಯನ್ನು ನೋಡಿ, "ಇವ್ರ್ಯಾರು? ತಹಸೀಲ್ದಾರ್ ಸಾಹೇಬ್ರ ಮನಿಯವ್ರೇನು?" ಎಂದ. ಯಾರೂ ನಗಲಿಲ್ಲ.

"ಮಳಿಗಿ ಮಣ್ಣು ಹರಕೊಂಡು ಹೋಗತದಲ್ರೀ, ಅದನ್ನ ಅಳಿತಾಳ್ರಿ," ಎಂದೆ.

"ಹರದು ಹೋದ ಮಣ್ಣು ಅಳಿಯಾಕ ಆಟೋ ಮಾಡ್ಕೊಂಡು ಬರ್ತಾರೇನ್ರಿ ಅಕ್ಕಾರ? ನಮ್ಮನ್ನೇನು ಹುಚ್ಚರ ಮಾಡ್ತೀರಿ?"

ಯಾರೋ ಹುಡುಗಿಯ ಚೀಲ ಜಗ್ಗಿದರು. ನನಗೆ ಆ ಕುಡುಗೋಲೊಂದೇ ಕಾಣುತ್ತಿತ್ತು. ಹುಡುಗಿ ನೋಡುತ್ತಿದ್ದುದು ಬೇರೆ. ಮುದುಕಿ ಈಗ ಕೂಗುತ್ತಿರಲಿಲ್ಲ. ಒಂದು ಗೂಟದ ಪಕ್ಕ ಕುಸಿದು ಕೂತು, ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು, ಬೇರೆ ಯಾರೂ ನೋಡಬಾರದೆಂಬಂತೆ.

ಹುಡುಗಿ ಬಗ್ಗಿ, ತಾನೇ ಒಂದೊಂದಾಗಿ ಗೂಟಗಳನ್ನು ಕಿತ್ತಳು. ಕಡೆಯದನ್ನು ಮುದುಕಿಯ ಸೆರಗಿನಡಿಯಿಂದ ಮೆಲ್ಲಗೆ ಎಳೆದು, ಎಲ್ಲವನ್ನೂ ಅವಳ ಮಡಿಲಿಗೆ ಹಾಕಿದಳು. "ಒಲೆಗೆ ಹಾಕ್ಕೊಳ್ಳಿ ಅಜ್ಜಿ." ಜನ ದಾರಿ ಬಿಟ್ಟರು.

ಆಟೋದಲ್ಲಿ ಅವಳು ಹೊರಗೆ ನೋಡುತ್ತ ಹೇಳಿದಳು: "ನಂಗೆ ಅವರನ್ನ ಕಂಡು ಅಷ್ಟು ಹೆದರಿಕೆ ಆಗ್ಲಿಲ್ಲ ಆಂಟಿ. ಅವರು ನನ್ನ ಕಂಡು ಹೆದರಿದ್ರಲ್ಲ..."

ಆ ವಾರವೇ ಕೋಣೆ ಖಾಲಿ ಮಾಡಿದಳು. ಓದು ಬಿಟ್ಟಳೆಂದು ಆಮೇಲೊಮ್ಮೆ ಅವಳ ತಾಯಿ ಫೋನಿನಲ್ಲಿ ಹೇಳಿದರು. ಈಗ ಆ ನಂಬರೂ ಹತ್ತುವುದಿಲ್ಲ.

ಗೋಗಿ ಬಸ್ಸು ಆ ಹೊಲ ದಾಟುವಾಗ ಇಂದಿಗೂ ತಲೆ ತಗ್ಗಿಸಿಕೊಳ್ಳುತ್ತೇನೆ, ಯಾರಾದರೂ ಗುರುತು ಹಿಡಿದಾರೆಂದು. ಈ ಸಲದ ಮಳೆಯಲ್ಲಿ ಒಮ್ಮೆ ಧೈರ್ಯ ಮಾಡಿ ನೋಡಿದೆ. ಹೊಲದ ಬದು ಒಡೆದು, ಕಪ್ಪು ನೀರು ರಸ್ತೆ ಬದಿಗೆ ಧುಮುಕುತ್ತಿತ್ತು. ಎಷ್ಟು ಹೋಗುತ್ತಿದೆಯೋ... ಹೇಳಬಲ್ಲವಳು ಇಲ್ಲಿಲ್ಲ.