ಹಡಗಿನ ಮೇಲೆ ಹೆಣ್ಣು ನೋಡಿದ್ದು

ಹೆಣ್ಣು ನೋಡುವ ಶಾಸ್ತ್ರವನ್ನು ಹಡಗಿನ ಮೇಲೆ ಇಟ್ಟುಕೊಳ್ಳಬಾರದು. ಮನೆಯಲ್ಲಾದರೆ ಬಂದವರು ತಿಂಡಿ ತಿಂದು, ಕಾಫಿ ಕುಡಿದು, 'ಊರಿಗೆ ಹೋಗಿ ತಿಳಿಸ್ತೇವೆ' ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತಾರೆ. ಎರಡೂ ಕಡೆಯವರ ಮಾನ ಉಳಿಯುವುದೇ ಆ ಚಪ್ಪಲಿ ಮೆಟ್ಟುವ ಗಳಿಗೆಯಲ್ಲಿ. ಸಮುದ್ರದ ನಡುವೆ ಎದ್ದು ಹೋಗುವುದೆಲ್ಲಿಗೆ? ಇಷ್ಟು ಸಣ್ಣ ವಿಷಯ ನನ್ನ ಗಂಡನಿಗೂ ಹೊಳೆಯಲಿಲ್ಲ, ಹುಡುಗನ ಅಣ್ಣನಿಗೂ ಹೊಳೆಯಲಿಲ್ಲ. ಇಬ್ಬರೂ ಎಂಜಿನಿಯರುಗಳು.

ನಾವು ಆಗ ದುಬೈಯ ಕರಾಮದಲ್ಲಿದ್ದೆವು. ನನ್ನ ನಾದಿನಿ ಊರಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸಕ್ಕಿದ್ದವಳು. ರಜೆ ಹಾಕಿಸಿ, ವಿಸಿಟ್ ವೀಸಾದಲ್ಲಿ ಅವಳನ್ನು ಕರೆಸಿಕೊಂಡದ್ದು ಊರು ತೋರಿಸಲಿಕ್ಕೆ ಎಂದು ಎಲ್ಲರೊಡನೆ ಹೇಳಿದ್ದೆವು. ಅಸಲು ಸಂಗತಿ ಬೇರೆ. ಅಬುಧಾಬಿಯ ಮುಸಫ್ಫಾದಲ್ಲಿ ಕೆಲಸ ಮಾಡುವ ಹುಡುಗನೊಬ್ಬನ ಸಂಬಂಧ ಬಂದಿತ್ತು. ವೀಸಾ ಮುಗಿಯುವುದರೊಳಗೆ ಮಾತು ಗಟ್ಟಿಯಾಗಬೇಕೆಂದು ಮಾವನವರು ಊರಿನಿಂದ ಫೋನಿನ ಮೇಲೆ ಫೋನು. ಹಿಂದೆ ಎರಡು ಸಂಬಂಧ ಬಂದು ತಪ್ಪಿಹೋಗಿದ್ದವು. ಇದೂ ತಪ್ಪಿದರೆ ಅವಳಿಗಿನ್ನು ಮದುವೆಯಿಲ್ಲ ಎಂಬಂತೆ ನನ್ನವರು ಮುಖ ಮಾಡಿಕೊಂಡು ತಿರುಗುತ್ತಿದ್ದರು. ಅವಳನ್ನು ಮಾತ್ರ ಯಾರೂ ಏನೂ ಕೇಳಿರಲಿಲ್ಲ.

ಹಡಗಿನ ಯೋಚನೆ ಹುಡುಗನ ಅಣ್ಣನದು. "ಮನೇಲಿ ಕೂತು ನೋಡುವುದೆಲ್ಲ ಹಳೇ ಕಾಲ ಆಯ್ತು ಮಾರಾಯ್ರೆ. ಮುಸಂದಂಗೆ ಹೋಗುವ. ಹುಡುಗ ಹುಡುಗಿ ಫ್ರೀಯಾಗಿ ಮಾತಾಡ್ಲಿ," ಎಂದರಂತೆ. ಮುಸಂದಂ ಇರುವುದು ಒಮಾನಿನ ಉತ್ತರದ ತುದಿಯಲ್ಲಿ. ಬೋಳು ಬೆಟ್ಟಗಳ ಸಂದಿಯಲ್ಲಿ ಸಮುದ್ರ ಒಳಕ್ಕೆ ನುಗ್ಗಿ, ಅಲ್ಲಲ್ಲಿ ಸಣ್ಣ ದ್ವೀಪಗಳನ್ನು ಬಿಟ್ಟಿದೆ. ಗಡಿಯಲ್ಲಿರುವ ದಿಬ್ಬಾ ಊರಿನ ಕಡೆಯಿಂದ ಹೋದರೆ ಪಾಸ್‌ಪೋರ್ಟಿನ ಜೆರಾಕ್ಸ್ ಕೊಟ್ಟರೆ ಸಾಕು, ಸ್ಟ್ಯಾಂಪ್ ಬೀಳುವುದಿಲ್ಲ, ನಾದಿನಿಯ ವೀಸಾಕ್ಕೆ ತೊಂದರೆಯಿಲ್ಲ. ಅಷ್ಟು ಮಾತ್ರ ಇಬ್ಬರು ಎಂಜಿನಿಯರುಗಳೂ ಸರಿಯಾಗಿ ವಿಚಾರಿಸಿದ್ದರು.

ಒಂದು ಶುಕ್ರವಾರ ಬೆಳಿಗ್ಗೆ ಬಾಡಿಗೆ ವ್ಯಾನಿನಲ್ಲಿ ಹೊರಟೆವು. ನಾನು, ನನ್ನವರು, ನಾದಿನಿ. ಅವರ ಕಡೆಯಿಂದ ಹುಡುಗ, ಅವನ ತಾಯಿ, ಅಣ್ಣ. ನಾನು ಬನ್ಸ್ ಮತ್ತು ಶೀರಾ ಮಾಡಿ, ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡಿದ್ದೆ. ಹುಡುಗನ ತಾಯಿ ವ್ಯಾನಿನಲ್ಲಿಯೇ ಡಬ್ಬಿಯ ಮುಚ್ಚಳ ತೆಗೆಸಿ ನೋಡಿ, "ಬನ್ಸ್ ಯಾರು ಮಾಡಿದ್ದು? ಹುಡುಗಿಯಾ?" ಎಂದು ಕೇಳಿದರು. "ಹೌದಮ್ಮ," ಎಂದರು ನನ್ನವರು. ನಾದಿನಿ ಕಿಟಕಿಯ ಆಚೆ ನೋಡುತ್ತಿದ್ದಳು.

ಹಡಗು ನಮ್ಮ ಊರಿನ ಬಂದರಿನ ಮಂಜಿಯಂಥದೇ, ಮರದ್ದು. ಸಿಮೆಂಟು, ಹೆಂಚು ಹೊರುವ ಜಾಗದಲ್ಲಿ ಇಲ್ಲಿ ಕೆಂಪು ಜಮಖಾನ ಹಾಸಿ ದಿಂಬು ಇಟ್ಟಿದ್ದರು. ಒಮಾನಿ ನಾವಿಕ 'ಯಲ್ಲಾ' ಎಂದೊಡನೆ ಹಡಗು ಹೊರಟಿತು. ಸ್ವಲ್ಪ ದೂರ ಹೋಗುವುದರಲ್ಲಿ ಎರಡೂ ಬದಿಗೆ ಬೆಟ್ಟಗಳು ಎದ್ದು ನಿಂತವು. ಹುಲ್ಲಿನ ಒಂದು ಎಸಳೂ ಇಲ್ಲದ ಬೆಟ್ಟ, ಅದರ ಬುಡದಲ್ಲಿ ಗಾಜಿನ ಬಳೆಯಂಥ ಹಸಿರು ನೀರು. ಕಾನ್ವೆಂಟಿನಲ್ಲಿ ಭೂಗೋಳದ ಸಿಸ್ಟರ್ ಬೋರ್ಡಿನ ಮೇಲೆ ನಾರ್ವೆಯ ಕರಾವಳಿ ಬರೆದು, ಅದರೊಳಗೆ ಸಮುದ್ರದ ಬೆರಳುಗಳನ್ನು ನೀಲಿ ಸೀಮೆಸುಣ್ಣದಲ್ಲಿ ತೋರಿಸಿ, "ಫ್ಯೋರ್ಡ್" ಎಂದು ನಮ್ಮಿಂದ ಹೇಳಿಸಿದ್ದು ನೆನಪಾಯಿತು. ಹುಡುಗನ ಅಣ್ಣ ವಿಡಿಯೋ ಕ್ಯಾಮೆರಾ ಕಣ್ಣಿಗೆ ಒತ್ತಿಕೊಂಡು, "ಇದು ಅರೇಬಿಯಾದ ಫಿಜಾರ್ಡ್," ಎಂದು ಅದಕ್ಕೆ ವಿವರಣೆ ಕೊಡುತ್ತಿದ್ದರು. ಮತ್ತೊಂದು ಬೆಟ್ಟ ಬಂತು. "ಇದು ಕೂಡ ಫಿಜಾರ್ಡ್." ದೋಣಿಯಲ್ಲದೆ ಬೇರೆ ದಾರಿಯೇ ಇಲ್ಲದ ಒಂದು ಹಳ್ಳಿ ಬೆಟ್ಟದ ಬುಡದಲ್ಲಿ ಕಾಣಿಸಿತು. ನಾಲ್ಕಾರು ಮನೆ, ಒಂದು ಸಣ್ಣ ಮಸೀದಿ, ದಡಕ್ಕೆ ಎಳೆದಿಟ್ಟ ದೋಣಿಗಳು, ಹಗ್ಗದ ಮೇಲೆ ಒಣಗುವ ಮಕ್ಕಳ ಬಟ್ಟೆ. ಅದು ಕ್ಯಾಮೆರಾಕ್ಕೆ ಬೀಳಲಿಲ್ಲ. ಆ ಹೊತ್ತಿಗೆ ಅವರು ತಮ್ಮನಿಗೆ ಕಾಲರ್ ಸರಿ ಮಾಡಿಕೊಳ್ಳಲು ಹೇಳುತ್ತಿದ್ದರು.

ಅವರ ತಾಯಿ ಬೆಟ್ಟಕ್ಕೆ ಬೆನ್ನು ಹಾಕಿ ಕೂತರು. ಆ ದಿನವಿಡೀ ಅವರು ನೋಡಿದ್ದು ನನ್ನ ನಾದಿನಿಯೊಬ್ಬಳನ್ನೇ.

"ಕನ್ನಡಕ ತೆಗಿ ಮಗಾ. ಬಿಸಿಲಿಗೆ ಬಣ್ಣ ಸರಿ ಗೊತ್ತಾಗ್ತದೆ."

ನಾದಿನಿ ತಂಪು ಕನ್ನಡಕ ತೆಗೆದಳು.

"ಆ ತುದಿಗೆ ಹೋಗಿ ಬಾ ನೋಡುವ."

ನಡಿಗೆ ನೋಡುವ ಶಾಸ್ತ್ರ! ಹಡಗು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲುತ್ತಿತ್ತು. ಅದರ ಮೇಲೆ ಕುಂಟಿಲ್ಲದವರೂ ಕುಂಟುತ್ತಾರೆ. ಮುಂಚಿನ ದಿನಗಳಲ್ಲಿ ಮನೆಯ ಪಡಸಾಲೆಯಲ್ಲಿ ಯಾರೋ ಕಂಡುಹಿಡಿದ ಪರೀಕ್ಷೆಯನ್ನು ಈ ಹೆಂಗಸು ಅಲೆಯ ಮೇಲೆ ನಡೆಸಲು ಹೊರಟಿದ್ದರು. ನಾದಿನಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಂಬ ಕೂಡ ಹಿಡಿಯದೆ, ತುದಿಯವರೆಗೆ ಹೋಗಿ ಬಂದಳು. ಬರುವಾಗ ಫ್ಲಾಸ್ಕ್ ತಂದು ಕಾಫಿ ಬಗ್ಗಿಸಿಕೊಟ್ಟಳು. ಒಂದು ತೊಟ್ಟೂ ಚೆಲ್ಲಲಿಲ್ಲ. ನನ್ನವರ ಮುಖದ ಮೇಲೆ ದನದ ಸಂತೆಯಲ್ಲಿ ಮಾರಲು ನಿಂತವನ ನಗು ಇತ್ತು. ಮದುವೆಯಾಗಿ ಅಷ್ಟು ವರ್ಷಗಳಲ್ಲಿ ಆ ನಗುವನ್ನು ನಾನು ಮೊದಲು ಕಂಡದ್ದು ಆಗಲೇ.

ಹುಡುಗನಿಗೆ ಮಾತ್ರ ಕಾಫಿ ಬೇಡವಾಯಿತು. ಬಂದರು ಬಿಟ್ಟಾಗಿನಿಂದ ಅವನು ಕಟಕಟೆ ಹಿಡಿದು ನಿಂತಿದ್ದ, ಮುಖ ಹೀರೆಕಾಯಿ ಬಣ್ಣಕ್ಕೆ ತಿರುಗಿತ್ತು. "ಹೋಗಿ ಮಾತಾಡಿ, ಮಾತಾಡಿ," ಎಂದು ಅವನ ಅಣ್ಣ ನಾದಿನಿಯನ್ನು ಅತ್ತ ಕಳಿಸಿ, ಹಿಂದಿನಿಂದಲೇ ಕ್ಯಾಮೆರಾ ಹಿಡಿದುಕೊಂಡು ಹೋದರು. ಫ್ರೀಯಾಗಿ ಮಾತಾಡುವುದೆಂದರೆ ಅವರಿಗೆ ಅದು. ನಾನೂ ಬನ್ಸಿನ ಡಬ್ಬಿ ಹಿಡಿದು ಹತ್ತಿರ ಹೋದೆ.

"ನನ್ನ ಲ್ಯಾಬಿನ ಕೆಲಸ ಉಂಟಲ್ಲ," ಎಂದಳು ನಾದಿನಿ. "ಮದುವೆ ಆದ್ಮೇಲೆ ಇಲ್ಲಿ ಪರೀಕ್ಷೆ ಬರೆದು ಕೆಲಸಕ್ಕೆ ಸೇರ್ಬೇಕು ಅಂತ ನನಗೆ. ನಿಮಗೆ ಎಂತ ಅನ್ನಿಸ್ತದೆ?"

ಹುಡುಗ ನೀರು ನೋಡಿದ, ಬೆಟ್ಟ ನೋಡಿದ. "ಅಮ್ಮನತ್ರ ಕೇಳಿ," ಎಂದ.

"ಅಮ್ಮ ಕೆಲಸಕ್ಕೆ ಹೋಗುದಲ್ವಲ್ಲ. ನಿಮ್ಮತ್ರ ಕೇಳಿದ್ದು."

"ಅಮ್ಮ ಹೇಳಿದ ಹಾಗೆ," ಎಂದು ಅವನು ಬಾಯಿಗೆ ಕೈ ಒತ್ತಿಕೊಂಡು ಆಚೆ ತಿರುಗಿದ. ಹೊಟ್ಟೆ ತೊಳಸುವುದು ಯಾರ ತಪ್ಪೂ ಅಲ್ಲ. ಆದರೆ ಆ ಉತ್ತರ ಹೊಟ್ಟೆಯಿಂದ ಬಂದದ್ದಲ್ಲ. ಗಟ್ಟಿ ನೆಲದ ಮೇಲೆ ನಿಂತಿದ್ದರೂ ಅವನು ಅದನ್ನೇ ಹೇಳುತ್ತಿದ್ದ.

ಮಾತು ದಿಂಬಿನವರೆಗೆ ಕೇಳಿಸಿತ್ತು. ತಾಯಿ ಅಲ್ಲಿಂದಲೇ ತೀರ್ಪು ಕೊಟ್ಟರು. "ನಮ್ಮಲ್ಲಿ ಹೆಂಗಸ್ರು ಕೆಲಸಕ್ಕೆ ಹೋಗುವ ಗತಿ ಬರ್ಲಿಲ್ಲ. ರಕ್ತ, ಮೂತ್ರ ನೋಡುವ ಕೆಲಸ, ಛೀ! ಅದೆಲ್ಲ ಬಿಡ್ಬೇಕು. ಬಣ್ಣ ಒಂಚೂರು ಕಮ್ಮಿಯೇ. ಆದ್ರೂ ಅಡ್ಡಿ ಇಲ್ಲ, ನಮಗೆ ಒಪ್ಪಿಗೆ."

ನನ್ನವರು ಕೈ ಮುಗಿಯಲು ಏಳುತ್ತಿದ್ದರು.

"ನನಗೆ ಒಪ್ಪಿಗೆ ಇಲ್ಲ," ಎಂದಳು ನಾದಿನಿ. ದನಿ ಏರಿಸಲಿಲ್ಲ. ರಕ್ತದ ರಿಪೋರ್ಟು ಓದುವವರು ಹೇಳುವ ಹಾಗೆ ಹೇಳಿದಳು.

ಅದೇ ಹೊತ್ತಿಗೆ ನಾವಿಕ 'ಖಲಾಸ್' ಎಂದು ಎಂಜಿನ್ ಬಂದ್ ಮಾಡಿ ಲಂಗರು ಇಳಿಸಿದ. ಊಟಕ್ಕೆ ಹಡಗು ನಿಲ್ಲಿಸುವ ಜಾಗವಂತೆ ಅದು. ಮೂರು ಕಡೆ ಬೆಟ್ಟ, ನಡುವೆ ಅಲುಗದ ನೀರು. ಎಂಜಿನಿನ ಸದ್ದೂ ನಿಂತುಹೋದದ್ದರಿಂದ ಯಾರಿಗೂ ಏನೂ ಕೇಳಿಸದಂತೆ ನಟಿಸಲು ಆಗಲಿಲ್ಲ.

ನನ್ನವರು ತಂಗಿಯ ಹತ್ತಿರ ಬಂದು ಹಲ್ಲು ಕಚ್ಚಿ ಹೇಳಿದರು: "ದಡ ಸೇರಿದ ಮೇಲೆ ಹೇಳ್ಲಿಕ್ಕೆ ಆಗ್ಲಿಲ್ವಾ ನಿಂಗೆ?"

"ದಡ ಸೇರುವಷ್ಟರಲ್ಲಿ ನೀನು ಹೂಂ ಅಂದು ಆಗಿರ್ತಿತ್ತು ಅಣ್ಣ."

ಬಿರಿಯಾನಿ, ಸಲಾಡ್ ಬಂದವು. ಆರು ಜನ ಒಂದೇ ಜಮಖಾನದ ಮೇಲೆ, ಒಬ್ಬರ ಮುಖ ಒಬ್ಬರು ನೋಡದೆ, ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತು ಉಂಡೆವು. 'ಹೆಣ್ಣಿನ ಮನೆಯ ನೀರೂ ಬೇಡ' ಎಂದು ಎದ್ದು ಹೋಗುವ ಸುಖ ಆ ತಾಯಿಗೆ ಸಿಗಲಿಲ್ಲ. ಎರಡನೇ ಸಲ ಬಡಿಸಿಕೊಂಡರು. ಅಣ್ಣ ಕ್ಯಾಮೆರಾವನ್ನು ಚೀಲಕ್ಕೆ ಹಾಕಿ ಜಿಪ್ ಎಳೆದರು. ನಿಂತ ಹಡಗಿನಲ್ಲಿ ಹುಡುಗನ ಮುಖಕ್ಕೆ ಬಣ್ಣ ಮರಳಿತು. ಅವನೂ ಚೆನ್ನಾಗಿಯೇ ಉಂಡ. ತನ್ನ ಬದುಕಿನ ಬಗ್ಗೆ ನಡೆದ ಮಾತುಕತೆ ಮುರಿದುಬಿದ್ದದ್ದು ಅವನಿಗೆ ಮೊಸರು ಕೇಳುವಷ್ಟೂ ತೊಡಕಾಗಲಿಲ್ಲ.

ವಾಪಸು ಬರುವಾಗ ತಾಯಿ ಮೆಲ್ಲನೆ ಸರಿದು ನನ್ನ ಪಕ್ಕಕ್ಕೆ ಬಂದರು. ಜಗಳಕ್ಕೆಂದೇ ತಿಳಿದು ನಾನು ಬೆನ್ನು ನೆಟ್ಟಗೆ ಮಾಡಿದೆ.

"ನೀವು ಒಳ್ಳೆಯವರ ಹಾಗೆ ಕಾಣ್ತೀರಿ," ಎಂದರು. "ನಿಮ್ಮ ತವರಿನ ಕಡೆ ಹುಡುಗಿ ಯಾರಾದ್ರೂ ಇದ್ದಾರಾ? ಓದು ಕಮ್ಮಿ ಆದ್ರೂ ಅಡ್ಡಿ ಇಲ್ಲ. ಸ್ವಲ್ಪ ಬೆಳ್ಳಗೆ ಇರ್ಲಿ."

ಅವರಿಗೆ ಅವಮಾನವಾಗಿ ಇನ್ನೂ ಊಟದ ಕೈ ಒಣಗಿರಲಿಲ್ಲ. ಅವಮಾನವಾಗಬೇಕಾದರೂ ಒಳಗೆ ಏನಾದರೂ ಇರಬೇಕು. "ಇಲ್ಲಮ್ಮ," ಎಂದೆ. "ನನ್ನ ತವರಿನಲ್ಲಿ ಎಲ್ಲರೂ ಕಪ್ಪು." ಇದು ಸುಳ್ಳು, ಸಿಸ್ಟರುಗಳು ಕೇಳಿದ್ದರೆ ಮಂಡಿಯೂರಿಸುತ್ತಿದ್ದರು. ಆ ಹೆಂಗಸು ನನ್ನ ಕೈಯ ಬಣ್ಣವನ್ನೇ ನೋಡಿ, ಸಂಶಯಪಡುತ್ತ, ಮತ್ತೆ ತನ್ನ ದಿಂಬಿಗೆ ಮರಳಿದರು.

ಮರುದಿನ ಸಂಜೆ ಸಂಬಂಧ ತಂದ ಮಾಮನ ಫೋನ್ ಬಂತು, ಅಬುಧಾಬಿಯಿಂದ. ನನ್ನವರು ಸ್ಪೀಕರ್ ಒತ್ತಿದರು. ಹುಡುಗನ ಕಡೆಯವರು ಜಾತಕ ಕೂಡಿಬರಲಿಲ್ಲವೆಂದು ಎಲ್ಲರಿಗೂ ಹೇಳಿದ್ದಾರಂತೆ, ನಾವೂ ಹಾಗೇ ಹೇಳಿದರೆ ಇಬ್ಬರಿಗೂ ಚೆಂದವಂತೆ. ನನ್ನವರ ಮುಖ ಅರಳಿತು. "ಹೌದೌದು ಮಾಮ, ಜಾತಕವೇ. ಅಪ್ಪನಿಗೂ ಹಾಗೇ ಹೇಳ್ತೇನೆ," ಎಂದರು. ಹಡಗಿನ ಮೇಲೆ ಕಳೆದುಕೊಂಡ ಬಾಗಿಲು ಅವರಿಗೆ ಫೋನಿನಲ್ಲಿ ಸಿಕ್ಕಿತ್ತು.

ನಾದಿನಿ ಅಡಿಗೆಮನೆಯಲ್ಲಿ ನನ್ನೊಡನೆ ಬೀನ್ಸ್ ಹೆಚ್ಚುತ್ತಿದ್ದಳು. ಚೂರಿ ಕೆಳಗಿಟ್ಟು, ಕೈ ಒರೆಸಿಕೊಂಡು ಹೋದಳು.

"ಮಾಮ, ಜಾತಕ ಕೂಡಿತ್ತು. ನಾನೇ ಬೇಡ ಅಂದದ್ದು. ಕೇಳಿದವರಿಗೆ ಹಾಗೇ ಹೇಳಿ. ಅಪ್ಪನಿಗೆ ನಾನೇ ಹೇಳ್ತೇನೆ."

ಆ ಕಡೆ ಮಾಮ ಕೆಮ್ಮಿ ಫೋನ್ ಇಟ್ಟರು. ಅವಳು ಫೋನ್ ಕಾರ್ಡಿನ ನಂಬರು ಒತ್ತಿ ಊರಿಗೆ ಫೋನ್ ಹಚ್ಚಿದಳು. ನಾನು ಅಡಿಗೆಮನೆಯ ಬಾಗಿಲು ತೆರೆದೇ ಇಟ್ಟೆ, ಒಂದು ಮಾತೂ ತಪ್ಪಿಹೋಗದ ಹಾಗೆ.